ಹಕಲ್‌ಬೆರಿ ಫಿನ್ ಓದುವಾಗ ಮಕ್ಕಳ ಲೆಕ್ಕ ಇಡುವುದು ಹೇಗೆ

ಅಮೆರಿಕದ ಹಳೆಯ ಕಾದಂಬರಿಯೊಂದರಲ್ಲಿ ಹುಡುಗನೊಬ್ಬ ಕಥೆ ಹೇಳತೊಡಗಿದರೆ, ಓದುವವರು ಅವನ ಹಿಂದೆಯೇ ನಡೆದು ಅವನು ತೋರಿಸಿದ್ದನ್ನಷ್ಟೇ ನೋಡುವುದು ಸಹಜ. ಊರೆಲ್ಲ ಕೆಟ್ಟಿದ್ದರೂ ಆ ಹುಡುಗ ಹಕ್‌ನ ಎಳೆಯ ಮನಸ್ಸು ಕೆಡಲಿಲ್ಲ, ಆ ಮುಗ್ಧತೆಯಿಂದಲೇ ಅವನಿಗೆ ಗುಲಾಮಗಿರಿಯ ಅನ್ಯಾಯ ಕಂಡಿತು ಎಂಬ ವ್ಯಾಖ್ಯಾನವನ್ನು ಬೆಂಗಳೂರಿನ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಅನೇಕರು ನೋಟ್ಸಿನಲ್ಲಿ ಬರೆದುಕೊಂಡಿದ್ದಾರೆ, ಪರೀಕ್ಷೆಯಲ್ಲೂ ಬರೆದಿದ್ದಾರೆ. ಕಳೆದ ಮೂರು ದಶಕಗಳ ವಿದ್ವಾಂಸರು ಅಷ್ಟಕ್ಕೆ ತೃಪ್ತರಾಗದೆ ಬೇರೊಂದು ಪ್ರಶ್ನೆ ಎತ್ತಿದ್ದಾರೆ. ಈ ಪುಸ್ತಕಗಳಲ್ಲಿ ಮಗುವಾಗಿರುವ ಅವಕಾಶ ಯಾರಿಗೆ ದಕ್ಕಿತು, ಯಾರಿಗೆ ದಕ್ಕಲಿಲ್ಲ, ದಕ್ಕಿದವರಿಗೆ ಅದನ್ನು ಒದಗಿಸಿದವರು ಯಾರು ಎಂಬುದು ಆ ಪ್ರಶ್ನೆ. ಅದನ್ನು ಮುಂದಿಟ್ಟುಕೊಂಡು ಓದುವ ಕ್ರಮವೊಂದನ್ನು, ಒಬ್ಬರೇ ಕುಳಿತು ಓದುವವರಿಗೂ ಬಸವನಗುಡಿ, ಜಯನಗರ, ಮಲ್ಲೇಶ್ವರದ ಮನೆಗಳಲ್ಲಿ ತಿಂಗಳಿಗೊಮ್ಮೆ ಸೇರುವ ಓದುಗರ ಬಳಗಗಳಿಗೂ ಒದಗುವಂತೆ ಇಲ್ಲಿ ವಿವರಿಸುತ್ತೇನೆ. ಮಾರ್ಕ್ ಟ್ವೈನ್‌ನ ಹಕಲ್‌ಬೆರಿ ಫಿನ್ ಕಾದಂಬರಿಯನ್ನೇ ಮುಖ್ಯವಾಗಿ ಆರಿಸಿಕೊಂಡಿದ್ದೇನೆ, ಏಕೆಂದರೆ ಈ ಪ್ರಶ್ನೆಗೆ ಅದರಷ್ಟು ಸಾಮಗ್ರಿ ಕೊಡುವ ಇನ್ನೊಂದು ಕೃತಿ ಇಲ್ಲವೆಂದೇ ನನ್ನ ಅಭಿಪ್ರಾಯ. ಕುಡುಕ ತಂದೆಯಿಂದ ತಪ್ಪಿಸಿಕೊಂಡ ಬಿಳಿಯ ಹುಡುಗ ಹಕ್, ಒಡತಿಯಿಂದ ಓಡಿಬಂದ ಜಿಮ್ ಎಂಬ ಗುಲಾಮನೊಡನೆ ತೆಪ್ಪದಲ್ಲಿ ನದಿಯ ಮೇಲೆ ಸಾಗುವ ಕಥೆ ಅದು.

ಪ್ರತಿ ಮತ್ತು ಓದುವ ದನಿ

ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿಯೂ ಅವೆನ್ಯೂ ರಸ್ತೆಯ ಹಳೆ ಪುಸ್ತಕಗಳ ನಡುವೆಯೂ ಈ ಕಾದಂಬರಿಯನ್ನು ಹುಡುಕಬಹುದು. ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿಯೂ ಇದೆ. ಅಂಗಡಿಯಲ್ಲಿ ಮೊದಲು ಕೈಗೆ ಬರುವುದು ಶಾಲೆಯ ಮಕ್ಕಳಿಗೆಂದು ಮೊಟಕುಗೊಳಿಸಿದ ಆವೃತ್ತಿಯಾಗಿರುವ ಸಾಧ್ಯತೆ ಹೆಚ್ಚು, ಮತ್ತು ನಮ್ಮ ಕೆಲಸಕ್ಕೆ ಅದು ಏನೂ ಪ್ರಯೋಜನವಿಲ್ಲ. ಹಣ ಕೊಡುವ ಮೊದಲು ಕೊನೆಯ ಪುಟಗಳನ್ನು ತಿರುವಿ ಒಟ್ಟು 43 ಅಧ್ಯಾಯಗಳಿವೆಯೇ ಎಂದು ನೋಡಿಕೊಳ್ಳಿ. ಹಲವು ಪ್ರತಿಗಳಲ್ಲಿ ಕಡೆಯದಕ್ಕೆ ಸಂಖ್ಯೆಯಿರದೆ ‘ಕೊನೆಯ ಅಧ್ಯಾಯ’ ಎಂದಷ್ಟೇ ಇರುತ್ತದೆ. ಹಕ್‌ನ ಗೆಳೆಯ ಟಾಮ್ ಸಾಯರ್ ಕುರಿತು ಟ್ವೈನ್ ಇದಕ್ಕೂ ಹಿಂದೆ ಬರೆದ ಪುಸ್ತಕವನ್ನು ಮೊದಲು ಓದಲೇಬೇಕೆಂದಿಲ್ಲ.

ಆಡುನುಡಿಯ ಇಂಗ್ಲಿಷ್ ಕಷ್ಟವೆಂದು ಮೂರನೆಯ ಅಧ್ಯಾಯಕ್ಕೇ ಪುಸ್ತಕ ಮುಚ್ಚಿಡುವವರು ಬಹಳ. ದೇವನೂರ ಮಹಾದೇವರ ಕುಸುಮಬಾಲೆಯನ್ನು ಓದಿದ ಕನ್ನಡಿಗರಿಗೆ ಇದರ ಉಪಾಯ ಗೊತ್ತೇ ಇದೆ: ಕಣ್ಣಿಗೆ ಸಿಗದಿದ್ದು ಗಟ್ಟಿಯಾಗಿ ಓದಿದರೆ ಕಿವಿಗೆ ಸಿಗುತ್ತದೆ. ಜಿಮ್‌ನ ಮಾತುಗಳನ್ನಂತೂ ಬಾಯಿಬಿಟ್ಟೇ ಓದಬೇಕು.

ಕಾಲವನ್ನು ಗುರುತು ಮಾಡಿಕೊಳ್ಳುವುದೂ ಅಗತ್ಯ. ಪುಸ್ತಕ ಬ್ರಿಟನ್ನಿನಲ್ಲಿ 1884ರ ಡಿಸೆಂಬರಿನಲ್ಲಿಯೂ ಅಮೆರಿಕದಲ್ಲಿ 1885ರ ಫೆಬ್ರವರಿಯಲ್ಲಿಯೂ ಹೊರಬಂತು. ಕಥೆ ನಡೆಯುವುದು ಅದಕ್ಕೂ ನಲವತ್ತು ಐವತ್ತು ವರ್ಷ ಹಿಂದೆ, ಮಿಸಿಸಿಪಿ ನದಿಯ ದಡದಲ್ಲಿ. ಅಂದರೆ ಕಥೆಯೊಳಗೆ ಗುಲಾಮಗಿರಿ ಕಾನೂನುಬದ್ಧವಾಗಿತ್ತು, ಬರೆಯುವವನ ಕಾಲಕ್ಕೆ ಅದು ರದ್ದಾಗಿ ಸುಮಾರು ಇಪ್ಪತ್ತು ವರ್ಷ ಕಳೆದಿತ್ತು. ಈ ಅಂತರ ಮುಂದೆ ನಮ್ಮ ಕೆಲಸಕ್ಕೆ ಬರುತ್ತದೆ.

ಮಕ್ಕಳ ಪಟ್ಟಿ

ಒಂದು ನೋಟ್‌ಬುಕ್ಕಿನಲ್ಲಿ ಕಾದಂಬರಿಯೊಳಗೆ ಬರುವ ಪ್ರತಿಯೊಂದು ಮಗುವನ್ನೂ ಪಟ್ಟಿ ಮಾಡಿ. ಹೆಸರಿದೆಯೇ, ವಯಸ್ಸು ಹೇಳಲಾಗಿದೆಯೇ, ಮಾತು ಇದೆಯೇ, ಯಾರ ಕಣ್ಣಿನಿಂದ ನಮಗೆ ಕಾಣಿಸುತ್ತಿದೆ ಎಂಬಿಷ್ಟನ್ನು ಬರೆದುಕೊಂಡರೆ ಸಾಕು. ಇದೇನು ಶಾಲೆಯ ಹೋಮ್‌ವರ್ಕಿನಂತಿದೆಯಲ್ಲ ಎಂದು ಬಳಗದಲ್ಲಿ ಯಾರಾದರೂ ಗೊಣಗುವುದು ಖಂಡಿತ. ಮೂವತ್ತೆರಡನೆಯ ಅಧ್ಯಾಯದವರೆಗೆ ತಾಳ್ಮೆಯಿಂದಿರಲು ಅವರನ್ನು ಕೇಳಿಕೊಳ್ಳಿ.

ಆ ಅಧ್ಯಾಯದಲ್ಲಿ ಹಕ್, ಜಿಮ್‌ನನ್ನು ಕೂಡಿಹಾಕಿರುವ ಫೆಲ್ಪ್ಸ್ ಎಂಬವರ ಜಮೀನಿಗೆ ಬರುತ್ತಾನೆ. ನಾಯಿಗಳು ಸುತ್ತುವರಿದಾಗ ಅಡಿಗೆಮನೆಯಿಂದ ಕಪ್ಪು ಹೆಂಗಸೊಬ್ಬಳು ಲಟ್ಟಣಿಗೆ ಹಿಡಿದು ಓಡಿಬಂದು ಅವುಗಳನ್ನು ಅಟ್ಟುತ್ತಾಳೆ. ಅವಳ ಹಿಂದೆ ಒಂದು ಪುಟ್ಟ ಹುಡುಗಿ, ಇಬ್ಬರು ಪುಟ್ಟ ಹುಡುಗರು. ಮೈಮೇಲೆ ಒರಟು ನಾರುಬಟ್ಟೆಯ ಅಂಗಿಯೊಂದನ್ನು ಬಿಟ್ಟರೆ ಬೇರೇನಿಲ್ಲ. ತಾಯಿಯ ಬಟ್ಟೆ ಹಿಡಿದುಕೊಂಡು ನಾಚಿಕೆಯಿಂದ ಹಿಂದಿನಿಂದ ಇಣುಕುತ್ತಾರೆ. ಮರುಕ್ಷಣವೇ ಮನೆಯೊಳಗಿಂದ ಬಿಳಿಯ ಒಡತಿ ಬರುತ್ತಾಳೆ, ಅವಳ ಹಿಂದೆ ಅವಳ ಮಕ್ಕಳು, ಅವರೂ ಹಾಗೆಯೇ ಮಾಡುತ್ತಿದ್ದರು ಎಂದು ಹಕ್ ಹೇಳುತ್ತಾನೆ. ಒಂದು ಗಳಿಗೆ ಎರಡು ಗುಂಪಿನ ಮಕ್ಕಳೂ ಒಂದೇ. ಆಮೇಲೆ ಏನಾಗುತ್ತದೆ ನೋಡಿ. ಒಡತಿ ಹಕ್‌ನನ್ನು ತನ್ನ ನೆಂಟ ಟಾಮ್ ಸಾಯರ್ ಎಂದೇ ತಿಳಿದದ್ದರಿಂದ, ಬಿಳಿಯ ಮಕ್ಕಳಿಗೆ ‘ಇವನು ನಿಮ್ಮ ಅಣ್ಣ ಟಾಮ್’ ಎಂಬರ್ಥದಲ್ಲಿ ನೆಂಟಸ್ತಿಕೆ ಹೇಳಿಕೊಡಲಾಗುತ್ತದೆ. ಕಪ್ಪು ತಾಯಿಗೆ ಬೇಗ ಬಿಸಿ ತಿಂಡಿ ತರಲು ಅಪ್ಪಣೆಯಾಗುತ್ತದೆ. ಅವಳ ಮೂವರು ಮಕ್ಕಳ ಸುದ್ದಿ ಅಲ್ಲಿಗೇ ನಿಲ್ಲುತ್ತದೆ. ಕೆಲವು ಅಧ್ಯಾಯಗಳ ನಂತರ ಇಲಿಗಳ ಗೂಡಿನ ಬಾಗಿಲು ತೆರೆಯುವ ಬಿಳಿಯ ಪೋರನೊಬ್ಬ ಬರುತ್ತಾನೆ. ಅವನ ಹೆಸರು ಥಾಮಸ್ ಫ್ರಾಂಕ್ಲಿನ್ ಬೆಂಜಮಿನ್ ಜೆಫರ್ಸನ್ ಎಲೆಕ್ಸಾಂಡರ್ ಫೆಲ್ಪ್ಸ್. ನಗಿಸುವುದಕ್ಕೆಂದೇ ಟ್ವೈನ್ ಅಷ್ಟು ಉದ್ದ ಬರೆದಿದ್ದಾನೆ, ನಗೋಣ. ಆದರೆ ಪಟ್ಟಿಯಲ್ಲಿ ಅವನ ಸಾಲಿನ ಪಕ್ಕ ಹೆಸರೇ ಇಲ್ಲದ ಆ ಮೂವರ ಸಾಲುಗಳು ಇರಲಿ.

ಇದೇ ಅಧ್ಯಾಯದಲ್ಲಿ, ತಡವಾದದ್ದೇಕೆಂದು ಒಡತಿ ಕೇಳಿದಾಗ, ಹಡಗಿನ ಯಂತ್ರ ಸಿಡಿಯಿತೆಂದು ಹಕ್ ಸುಳ್ಳು ಹೇಳುತ್ತಾನೆ. ಯಾರಿಗಾದರೂ ಪೆಟ್ಟಾಯಿತೇ ಎಂದರೆ, ಇಲ್ಲ, ಒಬ್ಬ ಕರಿಯ ಸತ್ತ ಎನ್ನುತ್ತಾನೆ. ಸದ್ಯ, ಪುಣ್ಯ, ಕೆಲವೊಮ್ಮೆ ಜನರಿಗೆ ಪೆಟ್ಟಾಗುವುದುಂಟು ಎಂದು ಅವಳು ಸಮಾಧಾನಪಡುತ್ತಾಳೆ. ನರಕಕ್ಕೆ ಹೋದರೂ ಸರಿ, ಜಿಮ್‌ನನ್ನು ಹಿಡಿದುಕೊಡುವುದಿಲ್ಲ ಎಂದು ಹಕ್, ಅವನ ಒಡತಿಗೆ ಬರೆದಿದ್ದ ಪತ್ರವನ್ನು ಹರಿದುಹಾಕಿದ್ದು ಇದರ ಹಿಂದಿನ ಅಧ್ಯಾಯದಲ್ಲಷ್ಟೆ. ಕೇಳುವವಳ ಮನೋಭಾವಕ್ಕೆ ತಕ್ಕಂತೆ ಅವನು ಸುಳ್ಳು ಹೆಣೆದನೇ, ಅಥವಾ ಅವನ ಬಾಯಿಗೇ ಆ ಮಾತು ಸಲೀಸೇ ಎಂಬುದನ್ನು ಬಳಗದಲ್ಲಿ ವಾದಕ್ಕೆ ಬಿಡಿ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಎಳೆಯ ಮನಸ್ಸು ಕೆಡಲಿಲ್ಲ ಎಂಬ ನೋಟ್ಸಿನ ವಾಕ್ಯ ಹಾಗೆಯೇ ಉಳಿಯಲಾರದು.

ಪಟ್ಟಿಗೆ ಇನ್ನೆರಡು ಕಡೆ ಎಚ್ಚರ ಬೇಕು. ಇಪ್ಪತ್ತೇಳನೆಯ ಅಧ್ಯಾಯದಲ್ಲಿ ವಿಲ್ಕ್ಸ್ ಮನೆಯ ಗುಲಾಮ ಕುಟುಂಬವನ್ನು ಮಾರಿ, ಇಬ್ಬರು ಗಂಡುಮಕ್ಕಳನ್ನು ನದಿಯ ಮೇಲ್ದಿಕ್ಕಿನ ಮೆಂಫಿಸ್‌ಗೂ ತಾಯಿಯನ್ನು ಕೆಳದಿಕ್ಕಿನ ನ್ಯೂ ಆರ್ಲಿಯನ್ಸ್‌ಗೂ ಕಳುಹಿಸುತ್ತಾರೆ. ಓದಿ ಮುಗಿಸಿದವರನ್ನು ಕೇಳಿದರೆ ಒಡೆಯನ ಮನೆಯ ಹುಡುಗಿ ಮೇರಿ ಜೇನ್‌ಳ ಕಣ್ಣೀರು ನೆನಪಿರುತ್ತದೆ, ಆ ಇಬ್ಬರು ಮಕ್ಕಳು ನೆನಪಿರುವುದಿಲ್ಲ. ಹದಿನಾರನೆಯ ಅಧ್ಯಾಯದಲ್ಲಿ ಜಿಮ್, ತಾನು ಬಿಡುಗಡೆಯಾದ ಮೇಲೆ ದುಡಿದು ಹೆಂಡತಿಯನ್ನು ಕೊಳ್ಳುವುದಾಗಿಯೂ, ಆಮೇಲೆ ಇಬ್ಬರೂ ಸೇರಿ ಮಕ್ಕಳಿಬ್ಬರನ್ನು ಕೊಳ್ಳುವುದಾಗಿಯೂ, ಒಡೆಯ ಮಾರದಿದ್ದರೆ ಕದ್ದು ತರಿಸುವುದಾಗಿಯೂ ಹೇಳುತ್ತಾನೆ. ಹಕ್ ಬೆಚ್ಚಿಬೀಳುತ್ತಾನೆ. ತನಗೆ ಯಾವ ಕೇಡನ್ನೂ ಮಾಡದ, ಗುರುತೇ ಇಲ್ಲದ ಮನುಷ್ಯನೊಬ್ಬನ ಸೊತ್ತಾದ ಮಕ್ಕಳನ್ನು ಕದಿಯುವುದೇ ಎಂಬುದು ಅವನ ಚಿಂತೆ. ಇದು ಬಾಲಕನ ತಲೆಹರಟೆಯಲ್ಲ, ಕಾನೂನಿನ ಮಾತು: ಹುಟ್ಟಿದ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯಂತೆಯೇ ಎಂದು ವರ್ಜೀನಿಯಾದ ವಸಾಹತು 1662ರಲ್ಲಿಯೇ ಶಾಸನ ಮಾಡಿತ್ತು, ಉಳಿದ ದಕ್ಷಿಣವೂ ಅದೇ ತತ್ವವನ್ನು ನಡೆಸಿತು. ತಂದೆ ಯಾರೆಂಬುದಕ್ಕೆ ಅಲ್ಲಿ ಬೆಲೆಯಿರಲಿಲ್ಲ.

ಇಪ್ಪತ್ಮೂರನೆಯ ಅಧ್ಯಾಯಕ್ಕೆ ಒಂದು ಇಡೀ ಸಂಜೆ

ನನ್ನ ಮಟ್ಟಿಗೆ ಕಾದಂಬರಿಯ ತಿರುಳು ಇರುವುದು ಪತ್ರ ಹರಿಯುವ ಪ್ರಸಿದ್ಧ ದೃಶ್ಯದಲ್ಲಿ ಅಲ್ಲ, ಈ ಅಧ್ಯಾಯದ ಕೊನೆಯ ಒಂದೆರಡು ಪುಟಗಳಲ್ಲಿ. ಅದನ್ನು ಗಟ್ಟಿಯಾಗಿ, ನಿಧಾನವಾಗಿ ಓದಿಸಿ.

ತೆಪ್ಪದ ಮೇಲೆ ರಾತ್ರಿ ಕಾವಲಿಗೆ ಇಬ್ಬರಿಗೂ ಪಾಳಿ. ಹಕ್ ಮಲಗುತ್ತಾನೆ, ಅವನ ಪಾಳಿ ಬಂದರೂ ಜಿಮ್ ಎಬ್ಬಿಸುವುದಿಲ್ಲ, ಆಗಾಗ ಹೀಗೆಯೇ ಮಾಡುತ್ತಿದ್ದ ಎಂದು ಹಕ್ ಸೇರಿಸುತ್ತಾನೆ. ಬೆಳಕು ಹರಿಯುವಾಗ ಎಚ್ಚರವಾದರೆ ಜಿಮ್ ಮೊಣಕಾಲುಗಳ ನಡುವೆ ತಲೆಯಿಟ್ಟು ಒಬ್ಬನೇ ನರಳುತ್ತಿದ್ದಾನೆ, ಎಲಿಜಬೆತ್ ಮತ್ತು ಜಾನಿ ಎಂಬ ತನ್ನ ಮಕ್ಕಳ ಹೆಸರು ಹಿಡಿದು. ಬಿಳಿಯರು ತಮ್ಮವರನ್ನು ಪ್ರೀತಿಸುವಷ್ಟೇ ಇವನೂ ಪ್ರೀತಿಸುತ್ತಾನೆ, ಇದು ಸಹಜವೆನ್ನಿಸದಿದ್ದರೂ ನಿಜವಿರಬೇಕು ಎಂದು ಹಕ್ ಆಶ್ಚರ್ಯಪಡುತ್ತಾನೆ. ಆಮೇಲೆ ಜಿಮ್ ಹೇಳುವ ಘಟನೆ: ಮಗಳಿಗೆ ನಾಲ್ಕು ವರ್ಷ, ಕೆಂಜ್ವರ ಬಂದು ಬಹಳ ನರಳಿ ಚೇತರಿಸಿಕೊಂಡಿದ್ದಳು. ಬಾಗಿಲು ಮುಚ್ಚು ಎಂದು ಹೇಳಿದರೆ ಮುಖ ನೋಡಿ ನಗುತ್ತಾ ನಿಂತಳು. ಸಿಟ್ಟಿನಿಂದ ಕೆನ್ನೆಗೆ ಹೊಡೆದ, ಮಗು ಬಿತ್ತು. ಹತ್ತು ನಿಮಿಷ ಬಿಟ್ಟು ಬಂದರೆ ಬಾಗಿಲು ತೆರೆದೇ ಇದೆ, ಅವಳು ಅಳುತ್ತಾ ನಿಂತಿದ್ದಾಳೆ. ಇನ್ನೊಂದು ಏಟಿಗೆ ಮುಂದಾಗುವಷ್ಟರಲ್ಲಿ ಗಾಳಿ ಬೀಸಿ ಬಾಗಿಲು ಅವಳ ಬೆನ್ನ ಹಿಂದೆಯೇ ದಢಾರನೆ ಬಡಿದುಕೊಂಡಿತು, ಮಗು ಕದಲಲಿಲ್ಲ. ಜ್ವರ ಅವಳ ಕಿವಿಯನ್ನೂ ಮಾತನ್ನೂ ಕಸಿದುಕೊಂಡಿತ್ತು.

ಓದಿ ಮುಗಿದ ಕೂಡಲೆ ಚರ್ಚೆ ಎಲಿಜಬೆತ್‌ಳ ಕಡೆಗೆ ಹೋಗುತ್ತದೆ, ಹೋಗಲಿ. ಆಮೇಲೆ ಪಾಳಿಯ ವಾಕ್ಯಕ್ಕೆ ಹಿಂದಿರುಗಿಸಿ. ಹಕ್ ಆ ರಾತ್ರಿ ನಿಶ್ಚಿಂತೆಯಿಂದ ಮಲಗಿದ್ದು ಜಿಮ್ ಎಚ್ಚರವಿದ್ದುದರಿಂದ. ಜಿಮ್ ಅತ್ತದ್ದು ತನ್ನ ಮಕ್ಕಳ ಬಳಿ ಹೀಗೆ ಎಚ್ಚರವಿರಲಾರದುದಕ್ಕೆ. ಪ್ಯಾರಾ ಒಂದೇ. ಹದಿಮೂರೋ ಹದಿನಾಲ್ಕೋ ವರ್ಷದ, ಕುಡುಕ ತಂದೆಯ ಏಟು ತಿಂದ ಬಿಳಿಯ ಹುಡುಗನಿಗೆ ಜೀವನದಲ್ಲಿ ಸಿಕ್ಕ ಅಲ್ಪಸ್ವಲ್ಪ ಬಾಲ್ಯ ಕಪ್ಪು ತಂದೆಯೊಬ್ಬನ ಕೈಯಿಂದ ಬಂದದ್ದು, ಆ ತಂದೆಯ ಸ್ವಂತ ಮಕ್ಕಳು ಬೇರೊಬ್ಬರ ಆಸ್ತಿಯಾಗಿದ್ದಾಗ. ಇದನ್ನು ಓದಿಕೊಂಡು ಮೂವತ್ತೊಂದನೆಯ ಅಧ್ಯಾಯಕ್ಕೆ ಹೋದರೆ, ಪತ್ರ ಹರಿಯುವ ಮುನ್ನ ಹಕ್ ಏನೇನು ನೆನೆಯುತ್ತಾನೆಂಬುದು ಬೇರೆಯಾಗಿಯೇ ಕೇಳುತ್ತದೆ: ತನ್ನ ಪಾಳಿಯನ್ನೂ ಅವನೇ ನಿಂತದ್ದು, ಮುದ್ದಾಗಿ ಕರೆದದ್ದು, ಓಲೈಸಿದ್ದು. ಹುಡುಗನ ಮನಸ್ಸನ್ನು ತಿದ್ದಿದ್ದು ಹುಟ್ಟಿನಿಂದ ಬಂದ ಮುಗ್ಧತೆಯಲ್ಲ, ಆರೈಕೆ.

ದೊಡ್ಡವನನ್ನು ಮಗು ಮಾಡುವ ಆಟ

ಮಕ್ಕಳಿಗೆ ಬಾಲ್ಯ ಸಿಗದ ಲೋಕದಲ್ಲಿ ದೊಡ್ಡವನಾದ ಜಿಮ್‌ನನ್ನು ಮಾತ್ರ ಎಲ್ಲರೂ ಮಗುವಿನಂತೆ ನಡೆಸಿಕೊಳ್ಳುತ್ತಾರೆ. ಎರಡನೆಯ ಅಧ್ಯಾಯದಲ್ಲಿ ಮಲಗಿದ್ದವನ ಟೋಪಿಯನ್ನು ಮರಕ್ಕೆ ನೇತುಹಾಕುವ ತಮಾಷೆಯಿಂದ ಇದು ಶುರುವಾಗಿ, ಕೊನೆಯ ಹತ್ತು ಅಧ್ಯಾಯಗಳಲ್ಲಿ ವಿಪರೀತಕ್ಕೆ ಹೋಗುತ್ತದೆ. ಊರಿನಲ್ಲಿದ್ದ ಹಳೆಯ ಒಡತಿಯ ಉಯಿಲಿನಿಂದ ಜಿಮ್ ಆಗಲೇ ಸ್ವತಂತ್ರನೆಂದು ಟಾಮ್ ಸಾಯರ್‌ಗೆ ಗೊತ್ತಿದ್ದರೂ, ಪುಸ್ತಕದಲ್ಲಿ ಓದಿದ ಸಾಹಸವನ್ನು ಆಡಿ ನೋಡಲು ಅವನನ್ನು ಗುಡಿಸಿಲಿನಲ್ಲಿ ಕಟ್ಟಿಹಾಕಿಸಿಯೇ ಇಡುತ್ತಾನೆ, ಜೊತೆಗೆ ಇಲಿ, ಹಾವು, ಜೇಡಗಳು. ಈ ಭಾಗ ಬೇಸರ ತರಿಸುತ್ತದೆಂಬ ದೂರು ಹಳೆಯದು, ನನಗೂ ತರಿಸುತ್ತದೆ. ಆದರೂ ಬಿಟ್ಟು ಓದಬೇಡಿ. 1865ರಲ್ಲಿ ಗುಲಾಮಗಿರಿ ರದ್ದಾಗಿ, 1877ರಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಿಂದ ಒಕ್ಕೂಟ ಸರ್ಕಾರದ ರಕ್ಷಣೆ ಹಿಂದೆಗೆದ ಮೇಲೆ, ಕಾಗದದ ಮೇಲೆ ಸ್ವತಂತ್ರರಾದವರನ್ನು ಮತ್ತೆ ಕಟ್ಟಿಹಾಕುವ ಕೆಲಸ ನಡೆದಿದ್ದ ಕಾಲದಲ್ಲಿ ಟ್ವೈನ್ ಈ ಪುಸ್ತಕವನ್ನು ಬರೆದು ಮುಗಿಸಿದ ಎಂಬುದನ್ನು ನೆನಪಿಟ್ಟರೆ, ಬಿಡುಗಡೆಯಾದವನನ್ನು ಕಟ್ಟಿಟ್ಟು ಆಡುವ ಹುಡುಗಾಟ ಅಷ್ಟು ಹಗುರವಾಗಿ ಕಾಣುವುದಿಲ್ಲ.

ಯಾರನ್ನು ಯಾವಾಗ ಓದಬೇಕು

ವಿಮರ್ಶಕರನ್ನು ಮೊದಲೇ ಓದಿ ಕಾದಂಬರಿಗೆ ಬಂದರೆ ಅವರು ಹೇಳಿದ್ದನ್ನೇ ಹುಡುಕುತ್ತಾ ಕೂರುತ್ತೇವೆ. ಆದ್ದರಿಂದ ಪಟ್ಟಿ ಮುಗಿದ ಮೇಲೆಯೇ ಅವರ ಕಡೆಗೆ ಹೋಗಿ. ಅವರಿಗಿಂತ ಮೊದಲು ಸಾಕ್ಷಿಗಳನ್ನು ಓದಬೇಕು. ಗುಲಾಮನಾಗಿ ಹುಟ್ಟಿ ತಪ್ಪಿಸಿಕೊಂಡ ಫ್ರೆಡೆರಿಕ್ ಡಗ್ಲಸ್ 1845ರ ಆತ್ಮಕಥೆಯ ಮೊದಲ ಪುಟದಲ್ಲಿಯೇ, ಬಿಳಿಯ ಮಕ್ಕಳು ತಮ್ಮ ವಯಸ್ಸು ಹೇಳಬಲ್ಲವರಾಗಿದ್ದರು, ತನಗೆ ಮಾತ್ರ ಅದು ಏಕೆ ಇಲ್ಲವೆಂದು ಬಾಲ್ಯದಲ್ಲಿ ಕೊರಗಿದ್ದನ್ನು ಬರೆಯುತ್ತಾರೆ. ಐದನೆಯ ಅಧ್ಯಾಯದಲ್ಲಿ ಬೇಸಿಗೆ ಚಳಿಗಾಲ ಎರಡಕ್ಕೂ ಮೊಣಕಾಲಿನವರೆಗಿನ ಒಂದು ಒರಟು ನಾರುಬಟ್ಟೆಯ ಅಂಗಿಯಷ್ಟೇ ಇತ್ತೆಂದೂ, ಹಿಮಕ್ಕೆ ಪಾದಗಳು ಎಷ್ಟು ಬಿರಿದಿದ್ದವೆಂದರೆ ಈಗ ಬರೆಯುತ್ತಿರುವ ಲೇಖನಿಯನ್ನು ಆ ಬಿರುಕಿನಲ್ಲಿ ಇಡಬಹುದಿತ್ತೆಂದೂ ಹೇಳುತ್ತಾರೆ. ಫೆಲ್ಪ್ಸ್ ಜಮೀನಿನ ಆ ಮೂವರು ಮಕ್ಕಳ ಮೈಮೇಲಿದ್ದದ್ದು ಇದೇ ಅಂಗಿ. 1861ರ ಹ್ಯಾರಿಯೆಟ್ ಜೇಕಬ್ಸ್‌ರ ಆತ್ಮಕಥೆಯಲ್ಲಿ, ಆರು ವರ್ಷ ಸುಖವಾಗಿ ಬೆಳೆಯುವವರೆಗೂ ತಾನು ಗುಲಾಮಳೆಂಬುದೇ ಬಾಲಕಿಗೆ ತಿಳಿದಿರುವುದಿಲ್ಲ.

ವಿಮರ್ಶೆಯಲ್ಲಿ ಮೂವರು ಸಾಕು. ಟೋನಿ ಮಾರಿಸನ್ 1992ರ ಉಪನ್ಯಾಸ ರೂಪದ ಪುಸ್ತಕದಲ್ಲಿ, ಬಿಳಿಯ ಪಾತ್ರದ ಸ್ವಾತಂತ್ರ್ಯ ಕಪ್ಪು ಪಾತ್ರದ ಬಂಧನದ ಆಸರೆಯಿಂದಲೇ ನಿಲ್ಲುತ್ತದೆಂದು ವಾದಿಸುತ್ತಾರೆ. ಶೆಲ್ಲಿ ಫಿಶರ್ ಫಿಶ್ಕಿನ್ 1993ರಲ್ಲಿ, ಹಕ್‌ನ ದನಿಗೆ ಒಂದು ಮೂಲ ಕಪ್ಪು ಬಾಲಕನೊಬ್ಬನ ಮಾತಿನಲ್ಲಿದೆ ಎಂದು ತೋರಿಸಿದರು. ಜಿಮ್ಮಿ ಎಂಬ ಆ ಹುಡುಗನ ವಾಚಾಳಿತನವನ್ನು ಟ್ವೈನ್ 1874ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದಿದ್ದ. ಅಮೆರಿಕದ ಅತಿ ಪ್ರಸಿದ್ಧ ಬಾಲನಿರೂಪಕನ ನಾಲಿಗೆಯಲ್ಲಿ ಕಪ್ಪು ಮಗುವೊಂದರ ಪಾಲಿದೆಯೆಂಬ ವಾದ ಎಲ್ಲರಿಗೂ ಒಪ್ಪಿಗೆಯಾಗಿಲ್ಲ, ಆದರೆ ಅದನ್ನು ಬದಿಗೆ ಸರಿಸಿ ಓದುವುದು ಈಗ ಸಾಧ್ಯವಿಲ್ಲ. ಬಾಲ್ಯದ ಮಟ್ಟಿಗೆ ಹೆಚ್ಚು ಉಪಯುಕ್ತವಾದದ್ದು ರಾಬಿನ್ ಬರ್ನ್‌ಸ್ಟೀನ್‌ರ 2011ರ ಅಧ್ಯಯನ. ಹತ್ತೊಂಬತ್ತನೆಯ ಶತಮಾನದ ಗೊಂಬೆ, ನಾಟಕ, ಚಿತ್ರಗಳನ್ನು ಪರಿಶೀಲಿಸಿ, ಮುಗ್ಧತೆ ಎಂಬುದು ಬಿಳಿಯ ಮಗುವಿನ ಗುಣವಾಗಿ, ನೋವೇ ತಾಗದಿರುವುದು ಕಪ್ಪು ಮಗುವಿನ ಗುಣವಾಗಿ ಹೇಗೆ ರೂಢಿಯಾಯಿತೆಂದು ಅವರು ವಿವರಿಸುತ್ತಾರೆ. 1852ರ ಅಂಕಲ್ ಟಾಮ್ಸ್ ಕ್ಯಾಬಿನ್ ಕಾದಂಬರಿಯ ಟಾಪ್ಸಿ ಎಂಬ ಕಪ್ಪು ಬಾಲಕಿ ಇದಕ್ಕೆ ಸೊಗಸಾದ ಉದಾಹರಣೆ: ಪುಸ್ತಕದಲ್ಲಿ ಅವಳ ಬೆನ್ನ ಮೇಲೆ ಬಾಸುಂಡೆಗಳಿವೆ, ಹೊಡೆತ ತಿಂದು ತಿಂದು ಮರಗಟ್ಟಿದ ಮಗು ಅದು, ರಂಗದ ಮೇಲೆ ಬಂದಾಗ ಬಾಸುಂಡೆ ಮರೆತುಹೋಗಿ, ಎಷ್ಟು ಹೊಡೆದರೂ ಕುಣಿಯುವ ವಿದೂಷಕಿ ಮಾತ್ರ ಉಳಿದಳು.

ಗಟ್ಟಿ ಓದು ಮತ್ತು ಜಾತಿಯ ಹೋಲಿಕೆ

ಕಪ್ಪು ಜನರನ್ನು ಹೀನೈಸುವ ಬೈಗುಳವೊಂದು ಕಾದಂಬರಿಯಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಬರುತ್ತದೆ. ಅಲಬಾಮಾದ ಪ್ರಕಾಶನವೊಂದು 2011ರಲ್ಲಿ ಅದರ ಜಾಗದಲ್ಲಿ ಗುಲಾಮ ಎಂಬರ್ಥದ ಪದ ಹಾಕಿ ಅಚ್ಚುಮಾಡಿತು. ಆ ಪ್ರತಿ ಬೇಡ, ಏಕೆಂದರೆ ಹಕ್ ಎಷ್ಟು ಸಲೀಸಾಗಿ ಅದನ್ನು ಆಡುತ್ತಾನೆಂಬುದೇ ನಮ್ಮ ಸಾಕ್ಷ್ಯ. ಗಟ್ಟಿಯಾಗಿ ಓದುವಾಗ ಮಾತ್ರ ಅಲ್ಲಿ ತುಸು ನಿಲ್ಲಿಸಿ ಮುಂದೆ ಹೋಗುವುದೆಂದು ಮೊದಲೇ ನಿಶ್ಚಯಿಸಿಕೊಳ್ಳಿ. ಪರಿಣಾಮ ಹೆಚ್ಚಲಿ ಎಂದು ಅದರ ಜಾಗದಲ್ಲಿ ನಮ್ಮ ಜಾತಿಯ ಬೈಗುಳವೊಂದನ್ನು ಇಟ್ಟು ಓದುವ ಉತ್ಸಾಹಿಗಳನ್ನು ತಡೆಯಿರಿ. ಕೋಣೆಯಲ್ಲಿ ಆ ಬೈಗುಳವನ್ನು ನಿಜವಾಗಿ ಕೇಳಿಸಿಕೊಂಡವರು ಕುಳಿತಿರಬಹುದು.

ಹೋಲಿಕೆ ಹೇಗಿದ್ದರೂ ಬರುತ್ತದೆ, ಬರಬೇಕು ಕೂಡ. ಆದರೆ ವರ್ಣವೂ ಜಾತಿಯೂ ಒಂದೇ ಎಂದು ಹತ್ತು ನಿಮಿಷದಲ್ಲಿ ತೀರ್ಮಾನಿಸುವ ಬದಲು, ಶಿವರಾಮ ಕಾರಂತರ 1933ರ ಚೋಮನ ದುಡಿಯಲ್ಲಿ ಚೋಮನ ಕಿರಿಯ ಮಗ ನೀಲ ಹೊಳೆಯಲ್ಲಿ ಮುಳುಗುವ ಪ್ರಸಂಗವನ್ನು ಪಕ್ಕದಲ್ಲಿಟ್ಟು ಓದಿ. ದಡದಲ್ಲಿದ್ದವರು ಮಗುವನ್ನು ಎತ್ತದಿರುವುದು ಮೈಲಿಗೆಗೆ ಹೆದರಿ. ಅಮೆರಿಕದ ದಕ್ಷಿಣದಲ್ಲಿ ಸ್ಪರ್ಶಕ್ಕೆ ಈ ಬಗೆಯ ತಡೆಯಿರಲಿಲ್ಲ: ಟ್ವೈನ್‌ನದೇ 1894ರ ಪುಡ್‌ನ್‌ಹೆಡ್ ವಿಲ್ಸನ್‌ನಲ್ಲಿ ರಾಕ್ಸಿ ಎಂಬ ಗುಲಾಮ ಹೆಂಗಸು ಒಡೆಯನ ಕೂಸನ್ನೂ ತನ್ನ ಕೂಸನ್ನೂ ಒಟ್ಟಿಗೇ ಸಾಕುತ್ತಾಳೆ, ಮತ್ತು ತನ್ನದನ್ನು ಮಾರಾಟದಿಂದ ಉಳಿಸಲು ತೊಟ್ಟಿಲಲ್ಲಿ ಅದಲುಬದಲು ಮಾಡುತ್ತಾಳೆ. ಅಲ್ಲಿ ಮಗುವಿಗೆ ಬೆಲೆ ಕಟ್ಟುತ್ತಿದ್ದರು, ಇಲ್ಲಿ ಮಗುವನ್ನು ಮುಟ್ಟುತ್ತಿರಲಿಲ್ಲ. ಈ ವ್ಯತ್ಯಾಸ ಬಳಗಕ್ಕೆ ಮನವರಿಕೆಯಾದ ಮೇಲೆ ಸಾಮ್ಯಗಳ ಚರ್ಚೆ ಎಷ್ಟು ಹೊತ್ತು ನಡೆದರೂ ಚಿಂತೆಯಿಲ್ಲ.

ಇದೇ ಪಟ್ಟಿಯನ್ನು ಮುಂದಿನ ಪುಸ್ತಕಗಳಿಗೂ ಒಯ್ಯಬಹುದು. 1960ರ ಟು ಕಿಲ್ ಎ ಮಾಕಿಂಗ್‌ಬರ್ಡ್‌ನಲ್ಲಿ, ಮಾಡದ ತಪ್ಪಿಗೆ ಸಿಕ್ಕಿಬಿದ್ದು ಸತ್ತ ಟಾಮ್ ರಾಬಿನ್ಸನ್‌ನ ಪುಟ್ಟ ಮಗಳು ಒಂದು ಕ್ಷಣ ಕಾಣಿಸುತ್ತಾಳೆ. ಸಣ್ಣ ಜಡೆಗಳ ತುದಿಗೆ ಬಣ್ಣದ ಟೇಪು, ಮೆಟ್ಟಿಲು ಇಳಿಯಲಾಗದೆ ವಕೀಲ ಆಟಿಕಸ್‌ನ ಬೆರಳು ಹಿಡಿಯುತ್ತಾಳೆ. ಅದನ್ನು ಕಂಡವನು ಡಿಲ್ ಎಂಬ ಹುಡುಗ, ನಮಗೆ ತಲುಪಿಸುವವಳು ಕಥೆ ಹೇಳುವ ಹುಡುಗಿ ಸ್ಕೌಟ್; ಎರಡು ಬಿಳಿಯ ಮಕ್ಕಳ ಬಾಯಿ ದಾಟಿ ಬಂದ ಮಗು ಅದು. 1970ರ ದ ಬ್ಲೂಯೆಸ್ಟ್ ಐ ಕೃತಿಯಲ್ಲಿ ಕಥೆ ಹೇಳುವ ಹುಡುಗಿಯೇ ಕಪ್ಪು ಹುಡುಗಿ, ಉಡುಗೊರೆಯಾಗಿ ಬಂದ ಬಿಳಿಯ ಗೊಂಬೆಯನ್ನು ಅವಳು ಬಿಡಿಬಿಡಿಯಾಗಿ ಕಿತ್ತುಹಾಕುತ್ತಾಳೆ. ಬರ್ನ್‌ಸ್ಟೀನ್‌ರ ಗೊಂಬೆಗಳ ಅಧ್ಯಾಯವನ್ನು ಇದರ ಜೊತೆಗೆ ಓದಿ.

ಹಕ್‌ನ ಪುಸ್ತಕ ಮುಚ್ಚುವ ಮುನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಹಣದ ಲೆಕ್ಕ ಬರೆಯಿರಿ. ಹಕ್‌ನ ಹೆಸರಿನಲ್ಲಿ ನ್ಯಾಯಾಧೀಶರ ಬಳಿ 6,000 ಡಾಲರ್ ಇದೆ. ಜಿಮ್ ಓಡಿಹೋಗಲು ಕಾರಣ ಅವನಿಗೆ ಬಂದಿದ್ದ 800 ಡಾಲರಿನ ಬೆಲೆ. ಹದಿನಾರನೆಯ ಅಧ್ಯಾಯದಲ್ಲಿ ಗುಲಾಮರನ್ನು ಹುಡುಕುವವರು ಹಕ್‌ಗೆ ಕೊಡುವ ಎರಡು ಚಿನ್ನದ ನಾಣ್ಯಗಳು ಸೇರಿ 40 ಡಾಲರ್. ಮೂವತ್ತೊಂದರಲ್ಲಿ ಮೋಸಗಾರ ‘ರಾಜ’ ಜಿಮ್‌ನನ್ನು ಮಾರಿಕೊಳ್ಳುವುದು 40 ಡಾಲರಿಗೆ. ಕೊನೆಯ ಅಧ್ಯಾಯದಲ್ಲಿ ತಾಳ್ಮೆಯಿಂದ ಕೈದಿಯಾಗಿದ್ದುದಕ್ಕೆಂದು ಟಾಮ್ ಅವನಿಗೆ ಕೊಡುವುದೂ 40 ಡಾಲರ್. ಆ ಹಣ ಕೈಗೆ ಬಂದ ಮೇಲೆ, ಹದಿನಾರನೆಯ ಅಧ್ಯಾಯದಲ್ಲಿ ಕೊಳ್ಳಬೇಕೆಂದಿದ್ದ ಹೆಂಡತಿ ಮಕ್ಕಳ ಮಾತು ಯಾರ ಬಾಯಲ್ಲಾದರೂ ಬರುತ್ತದೆಯೇ ಎಂದು ಬಳಗದವರನ್ನು ಹುಡುಕಲು ಹೇಳಿ. ಬರುವುದಿಲ್ಲ. ಪರ್ಸಿವಲ್ ಎವರೆಟ್‌ರ 2024ರ ಜೇಮ್ಸ್ ಕಾದಂಬರಿಯಲ್ಲಿ ಜಿಮ್ ತಾನೇ ನಿರೂಪಕನಾಗಿ, ಟ್ವೈನ್ ಬಿಟ್ಟುಬಿಟ್ಟ ಈ ಎಳೆಯನ್ನೇ ಹಿಡಿದು ಹೆಂಡತಿ ಮಗಳನ್ನು ಅರಸುತ್ತಾನೆ. ಮುಂದಿನ ತಿಂಗಳ ಓದಿಗೆ ಅದನ್ನು ಇಟ್ಟುಕೊಳ್ಳಬಹುದು, ಪಟ್ಟಿಯನ್ನು ಮಾತ್ರ ಕಳೆಯದೆ ತರಲು ಎಲ್ಲರಿಗೂ ಹೇಳಿ.